ರಕ್ತ ತಗೊಂಡು ಹೋದವರು

"ರಕ್ತ ತಗಂಡೋಗವ್ರೆ ಕಣಮ್ಮ. ಔಷ್ದಿ ಬರಾಗಂಟ ಬ್ಯಾರೆ ಏನೂ ಕೊಡಂಗಿಲ್ಲ."

ಕರಿಯಮ್ಮಜ್ಜಿ ಹೀಗೆ ಅಂದಾಗ ಕುರಿಯ ವಿಷಯ ಹೇಳ್ತಿದ್ದಾಳೆ ಅಂದುಕೊಂಡೆ. ಇನ್ನೇನು ಅಂದುಕೊಳ್ಳಲಿ? ನಾವಿಬ್ಬರೂ ನಿಂತಿದ್ದದ್ದು ಕುರಿಗಳ ಮಧ್ಯೆ. ಯಾವುದೋ ಒಂದು ಟಗರು ನನ್ನ ಸೀರೆಯ ಸೆರಗನ್ನು ಅಗಿಯುವ ಪ್ರಯತ್ನದಲ್ಲಿತ್ತು. ಆದರೆ ಅಜ್ಜಿ ಕೈ ತೋರಿಸಿದ್ದು ಬದುವಿನ ಮೇಲೆ ಕೂತಿದ್ದ ಮೊಮ್ಮಗಳ ಕಡೆಗೆ.

ಆ ಭಾನುವಾರದಿಂದ ನನ್ನ ತಲೆ ಕೆಟ್ಟಿದೆ. ಈ ವಾರ ನಗಿಸುವ ಅಂಕಣ ಬೇಕಿದ್ದವರು ದಯವಿಟ್ಟು ಪುಟ ತಿರುಗಿಸಿ.

ನಾನು ಮಧುಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು ಅಂತ ನಿಮಗೆ ಗೊತ್ತೇ ಇದೆ (ವಾರವಾರ ಅದನ್ನೇ ಹೇಳಿ ತಲೆ ತಿನ್ನುತ್ತೀರಿ ಅಂತ ಓದುಗರೊಬ್ಬರು ಬೈದಿದ್ದಾರೆ, ಇರಲಿ). ನನ್ನ ಗಂಡನ ಕಡೆಯವರಿಗೆ ಬರಗೂರಿನ ಹತ್ತಿರ ಒಂದಿಷ್ಟು ಹೊಲ ಇದೆ. ಕಡ್ಲೇಕಾಯಿ ಕಿತ್ತ ಮೇಲೆ ಪ್ರತಿ ವರ್ಷ ಅಲ್ಲಿ ಕುರಿ ನಿಲ್ಲಿಸುತ್ತೇವೆ. ಅಂದರೆ ಕುರಿ ಸಾಕುವವರು ತಮ್ಮ ಇಡೀ ಮಂದೆಯನ್ನು ತಂದು ಕೆಲವು ರಾತ್ರಿ ನಮ್ಮ ಹೊಲದಲ್ಲೇ ಬೇಲಿ ಕಟ್ಟಿ ರೊಪ್ಪ ಹಾಕುತ್ತಾರೆ. ನಮಗೆ ಗೊಬ್ಬರ, ಅವರಿಗೆ ಕಾಳು ಕಡ್ಡಿ, ಕೈಖರ್ಚು. ಅಲ್ಲಿಂದ ಮುಂದಿನ ಹೊಲ. ಹೀಗೇ ನಡೆಯುತ್ತ ನಡೆಯುತ್ತ ಪಾವಗಡದವರೆಗೂ ಹೋಗುತ್ತಾರೆ.

ನಮ್ಮ ಹೊಲಕ್ಕೆ ಬರುವುದು ಜುಂಜಣ್ಣನ ಮಂದೆ. ಬುಕ್ಕಾಪಟ್ಟಣದ ಕಡೆಯ ಹಟ್ಟಿಯವನು. ಅವನ ತಾಯಿಯೇ ಕರಿಯಮ್ಮಜ್ಜಿ. ಮಗಳು ಭೂಮಿಕಾ, ಆರನೇ ಕ್ಲಾಸು. ಹೆಂಡತಿ ತೀರಿಹೋಗಿ ವರ್ಷಗಳಾದವು. ಜುಂಜಣ್ಣ ಮಂದೆಯ ಜೊತೆ ಊರೂರು ತಿರುಗುತ್ತಾನೆ, ಅಜ್ಜಿ ಮೊಮ್ಮಗಳು ಹಟ್ಟಿಯಲ್ಲಿರುತ್ತಾರೆ. ಹುಡುಗಿ ಶಾಲೆ ತಪ್ಪಿಸುವ ಹಾಗಿಲ್ಲ. ಇದು ಅಜ್ಜಿಯ ಕಾನೂನು. ಮಂದೆ ನಮ್ಮ ಹೊಲದಲ್ಲಿದ್ದಾಗ ಮಾತ್ರ ಭಾನುವಾರ ಇಬ್ಬರೂ ಬಸ್ಸು ಹತ್ತಿ ಬರುತ್ತಾರೆ, ಅಪ್ಪನನ್ನು ನೋಡೋಕೆ.

ಹೋದ ವರ್ಷ ಇದೇ ಭೂಮಿಕಾ ಇದೇ ಹೊಲದಲ್ಲಿ ಮರಿಗಳ ಹಿಂದೆ ಓಡಿ ಓಡಿ ನನಗೆ ತಲೆ ಸುತ್ತು ಬರಿಸಿದ್ದಳು. ಈ ವರ್ಷ ಬದುವಿನ ಮೇಲೆ ಕೂತಿದ್ದಳು. ಒಂದು ಮರಿ ತಪ್ಪಿಸಿಕೊಂಡು ಓಡಿತು. ಎದ್ದಳು, ನಾಲ್ಕು ಹೆಜ್ಜೆ ಓಡಿದಳು, ನಿಂತಳು. ಸೊಂಟದ ಮೇಲೆ ಕೈ ಇಟ್ಟುಕೊಂಡು ಮುದುಕಿಯ ಹಾಗೆ ಉಸಿರು ಎಳೆದುಕೊಂಡಳು.

"ಏನಾಯ್ತೇ?" ಅಂದೆ.

"ಏನಿಲ್ಲ ಮಿಸ್. ಸುಸ್ತು."

ಹನ್ನೊಂದು ವರ್ಷದ ಹುಡುಗಿಗೆ ಎಂಥ ಸುಸ್ತು? ಅಜ್ಜಿಯನ್ನು ಕೇಳಿದೆ. ಆಗ ಬಂತು ಆ ಮಾತು. ರಕ್ತ ತಗಂಡೋಗವ್ರೆ.

ಯಾರು ತಗೊಂಡು ಹೋದರು?

"ದೊಡ್ಡ ದೊಡ್ಡ ಡಾಕ್ಟ್ರುಗಳು ಕಣಮ್ಮ. ಬೆಂಗ್ಳೂರಿಂದ ಬಂದಿದ್ರು, ಇಸ್ಕೂಲ್ತಾಕೆ. ಮಕ್ಳುನ್ನೆಲ್ಲ ಮಲಗ್ಸಿ ಎದೆಗೆ ತಣ್ಣಗಿರೋ ಅಂಟು ಅಚ್ಚಿ ಟಿವಿಯಾಗೆ ನೋಡಿದ್ರು. ಒಸಿ ರಕ್ತ ತಗಂಡ್ರು. ನಮ್ ಭೂಮಿದು ಎಲ್ರಿಗಿಂತ ಜಾಸ್ತಿ ವೊತ್ತು ನೋಡಿದ್ರು ಕಣಮ್ಮ! ಒಬ್ರು ನೋಡಿ, ಇನ್ನೊಬ್ರುನ್ನ ಕರ್ದು, ಅವ್ರೂ ನೋಡಿದ್ರು."

ಇದನ್ನು ಹೇಳುವಾಗ ಅಜ್ಜಿಯ ಮುಖದಲ್ಲಿ ಒಂದು ಹೆಮ್ಮೆ ಇತ್ತು. ಇಡೀ ಶಾಲೆಯಲ್ಲಿ ತನ್ನ ಮೊಮ್ಮಗಳನ್ನೇ ಡಾಕ್ಟರುಗಳು ಅಷ್ಟು ಹೊತ್ತು ನೋಡಿದ್ದಾರಲ್ಲ! ನನಗೆ ಮಾತ್ರ ಬೇರೆಯೇ ಅನುಮಾನ ಬಂತು. ಹೃದಯ ನೋಡುವ ಎಕೋ ಮಷೀನು ಹಿಡಿದ ಡಾಕ್ಟರು ಇನ್ನೊಬ್ಬ ಡಾಕ್ಟರನ್ನು ಯಾವಾಗ ಕರೆಯುತ್ತಾರೆ? ಎಲ್ಲ ಸರಿ ಇದ್ದಾಗ ಕರೆಯುತ್ತಾರಾ?

"ಯಾವಾಗ ಬಂದಿದ್ದು ಅವರು?"

"ಓದ್ ವರ್ಸ. ನೀವು ಕಡ್ಲೇಕಾಯಿ ಕೀಳಕ್ಕೂ ಮುಂಚೆ."

ವರ್ಷ ಕಳೆದಿದೆ. ಅಷ್ಟರಲ್ಲಿ ಹುಡುಗಿಗೆ ಏನೇನಾಗಿದೆ ಕೇಳಿ. ಒಂದು ಸಲ ಗಂಟಲು ನೋವು, ಜ್ವರ. ಅದು ಹೋಯಿತು. ಆಮೇಲೆ ಮಂಡಿ ಊದಿಕೊಂಡಿತು. ಮಂಡಿ ಇಳಿಯುವಷ್ಟರಲ್ಲಿ ಮೊಣಕೈ. ಅದಾದ ಮೇಲೆ ಪಾದದ ಕೀಲು. ನೋವು ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಮನೆ ಬದಲಾಯಿಸುತ್ತ ಹೋಯಿತು. ಆಮೇಲೆ ಶುರುವಾಯಿತು ಈ ಸುಸ್ತು, ಈ ಉಬ್ಬಸ.

"ಆಸ್ಪತ್ರೆಗೆ ತೋರ್ಸನ ಅಂದ ಜುಂಜ. ನಾನೇ ಬ್ಯಾಡ ಕಣ್ಲಾ ಅಂದೆ. ರಕ್ತ ತಗಂಡೋರು ಅವ್ರು, ಮಧ್ಯದಾಗೆ ನಾವು ಬ್ಯಾರೆ ಔಷ್ದಿ ಕೊಟ್ಬುಟ್ರೆ ಕೆಟ್ಟೋಯ್ತದೆ ಅಲ್ವಾ?"

ನೀವು ನಗಬಹುದು. ಎಂಥ ಮೂಢರು ಅನ್ನಬಹುದು. ಸ್ವಲ್ಪ ತಡೀರಿ. ಈ ಮಾತು ಎಲ್ಲಿಂದ ಬಂತು ಅಂತ ಮೊದಲು ಕೇಳಿಸಿಕೊಳ್ಳಿ.

ಕೆಲವು ವರ್ಷಗಳ ಹಿಂದೆ ಇವರ ಮಂದೆಗೆ ನೀಲಿ ನಾಲಿಗೆ ರೋಗ ಬಂದಿತ್ತು. ಪಶು ಆಸ್ಪತ್ರೆಯ ಡಾಕ್ಟರು ಬಂದು ಎರಡು ಮೂರು ಕುರಿಗಳ ರಕ್ತ ತಗೊಂಡು ಹೋದರು. ಅವರು ವಾಪಸು ಬರುವಷ್ಟರಲ್ಲಿ ಗಾಬರಿ ಬಿದ್ದ ಜುಂಜಣ್ಣ ಸಂತೆಯಲ್ಲಿ ಯಾರೋ ಮಾರುತ್ತಿದ್ದ ಪುಡಿ ತಂದು ಕುಡಿಸಿಬಿಟ್ಟ. ಕುರಿಗಳು ಇನ್ನಷ್ಟು ಹಾಸಿಗೆ ಹಿಡಿದವು. ಡಾಕ್ಟರು ಬಂದವರೇ ಹಿಗ್ಗಾಮುಗ್ಗಾ ಉಗಿದರಂತೆ. "ಲೇ, ರಕ್ತ ತಗೊಂಡು ಹೋದ ಮೇಲೆ ರಿಪೋರ್ಟ್ ಬರೋ ತನಕ ಸುಮ್ನಿರಬೇಕು. ನಾನು ಬರ್ತೀನಿ ಅಂದ ಮೇಲೆ ಬಂದೇ ಬರ್ತೀನಿ." ಹಾಗೇ ಬಂದಿದ್ದರು ಕೂಡ. ಮಂದೆ ಆಗ ಯಾವುದೋ ಬೇರೆ ಊರಿನ ಹೊಲಕ್ಕೆ ಹೋಗಿತ್ತು. ಕೇಳಿಕೊಂಡು ಕೇಳಿಕೊಂಡು ಬೈಕಿನಲ್ಲಿ ಅಲ್ಲಿಗೇ ಬಂದು ಮದ್ದು ಕೊಟ್ಟರು.

ಅಂದಿನಿಂದ ಇಡೀ ಹಟ್ಟಿಗೆ ಅದು ನಿಯಮ. ರಕ್ತ ತಗೊಂಡರು ಅಂದರೆ ಔಷಧಿ ಬರುತ್ತದೆ. ಬರುವವರೆಗೂ ಬೇರೆ ಏನೂ ಮುಟ್ಟಿಸಬಾರದು. ಅಜ್ಜಿ ಕುರಿಯಿಂದ ಕಲಿತ ಪಾಠವನ್ನು ಮೊಮ್ಮಗಳ ವಿಷಯದಲ್ಲಿ ಚಾಚೂ ತಪ್ಪದೆ ಪಾಲಿಸಿದ್ದಳು. ಒಂದು ಶುಂಠಿ ಕಷಾಯವನ್ನೂ ಕೊಟ್ಟಿರಲಿಲ್ಲ ಆ ಮಹಾತಾಯಿ!

ಕುರಿಯ ರಕ್ತಕ್ಕೆ ಉತ್ತರ ಬರುತ್ತದೆ. ಹಾಗಾದರೆ ಮಗುವಿನ ರಕ್ತಕ್ಕೆ ಉತ್ತರ ಬರುವುದಿಲ್ಲ ಅಂತ ಯಾವ ಅಜ್ಜಿಯಾದರೂ ಯಾಕೆ ಅನುಮಾನ ಪಡಬೇಕು?

ಮಾರನೇ ದಿನ ಶಾಲೆಗೆ ರಜೆ ಹಾಕಿ ಇಬ್ಬರನ್ನೂ ಶಿರಾಕ್ಕೆ ಕರೆದುಕೊಂಡು ಹೋದೆ. ಜುಂಜಣ್ಣ ಬರುವ ಹಾಗಿರಲಿಲ್ಲ, ಮುಂದಿನ ಹೊಲದವರಿಗೆ ಮಾತು ಕೊಟ್ಟಾಗಿತ್ತು, ಮಂದೆ ಹೊರಟಿತು. ಶಿರಾದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ನಗುನಗುತ್ತಾ "ಏನು ಪುಟ್ಟಿ, ಯಾವ ಕ್ಲಾಸು?" ಅಂತ ಸ್ಟೆಥಾಸ್ಕೋಪು ಇಟ್ಟರು. ಉತ್ತರ ಕೇಳಿಸಿಕೊಳ್ಳಲಿಲ್ಲ. ನಗು ನಿಂತಿತ್ತು.

"ಹಾರ್ಟಲ್ಲಿ ಸೌಂಡ್ ಇದೆ ಮೇಡಂ. ತಡ ಮಾಡಬೇಡಿ, ಬೆಂಗಳೂರಿಗೆ ಹೋಗಿ."

ಹೋದೆವು. ದೊಡ್ಡ ಆಸ್ಪತ್ರೆ, ದೊಡ್ಡ ಕ್ಯೂ. ಮತ್ತೆ ಎದೆಗೆ ತಣ್ಣಗಿನ ಅಂಟು, ಮತ್ತೆ ಟಿವಿ. ಭೂಮಿಕಾ ಹೆದರಲೇ ಇಲ್ಲ. "ನಂಗೊತ್ತು ಮಿಸ್, ನೋವಾಗಲ್ಲ, ಹೋದ್ಸಲಾನೂ ಮಾಡಿದ್ರು" ಅಂತ ನನಗೇ ಧೈರ್ಯ ಹೇಳಿದಳು.

ಅಲ್ಲಿನ ಡಾಕ್ಟರು ಒಳ್ಳೆಯವರು. ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಿದರು. ಹೃದಯದ ಒಳಗೆ ಬಾಗಿಲುಗಳಿವೆ, ಅದರಲ್ಲಿ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಬರುತ್ತಿದೆ. ಗಂಟಲು ನೋವಿನಿಂದ ಶುರುವಾಗಿ ಕೀಲುಗಳನ್ನು ಹಾದು ಹೃದಯಕ್ಕೆ ಬರುವ ಕಾಯಿಲೆ. ಮಕ್ಕಳಿಗೇ ಹೆಚ್ಚು ಬರುವಂಥದ್ದು. ಒಂದೊಂದು ಸಲ ಗಂಟಲು ಕೆಟ್ಟಾಗಲೂ ಬಾಗಿಲು ಇನ್ನಷ್ಟು ಹಾಳಾಗುತ್ತದೆ. ತಡೆಯೋಕೆ ಔಷಧಿ ಇದೆ. ಪೆನ್ಸಿಲಿನ್ ಇಂಜೆಕ್ಷನ್, ಮೂರು ವಾರಕ್ಕೊಂದು. ತೀರಾ ಹಳೆಯದು, ತೀರಾ ಅಗ್ಗದ್ದು.

ಆಮೇಲೆ ನನ್ನೊಬ್ಬಳನ್ನೇ ಕೇಳಿದರು. "ಹೋದ ವರ್ಷ ಎಕೋ ಆಗಿದೆ ಅಂತಿದಾಳಲ್ಲ ಹುಡುಗಿ? ಆಗ ಕಂಡಿರಬೇಕಲ್ಲ ಇದು. ಆಗಲೇ ಇಂಜೆಕ್ಷನ್ ಶುರು ಮಾಡಿದ್ರೆ ವಾಲ್ವ್ ಇಷ್ಟು ಹಾಳಾಗದೇ ಇರೋ ಚಾನ್ಸ್ ತುಂಬಾ ಇತ್ತು."

"ಈಗ?"

"ಈಗಲೂ ಇಂಜೆಕ್ಷನ್ ಕೊಡ್ತೀವಿ. ಮಾತ್ರೆ ಕೊಡ್ತೀವಿ. ಆದರೆ ಆಪರೇಷನ್ ತಪ್ಪುತ್ತೆ ಅಂತ ನಾನು ಮಾತು ಕೊಡಲ್ಲ."

ಪ್ರತಿ ವರ್ಷ ಬೋರ್ಡಿನ ಮೇಲೆ ಹೃದಯದ ಚಿತ್ರ ಬಿಡಿಸುತ್ತೇನೆ. ನಾಲ್ಕು ಕೋಣೆ, ನಾಲ್ಕು ಕವಾಟ, ಕೆಂಪು ನೀಲಿ ಸೀಮೆಸುಣ್ಣ. ಅಂದು ಆ ಕಾರಿಡಾರಿನಲ್ಲಿ ನಿಂತಾಗ ಅದೆಲ್ಲ ಬರೀ ಗೋಡೆಯ ಮೇಲಿನ ಗೀಚು ಅನ್ನಿಸಿತು. ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ವಾರ ಕಳೆದ ಮೇಲೆ ಆಸ್ಪತ್ರೆಯವರು ತಂದೆಯ ಜೊತೆ ಮಾತಾಡಬೇಕು ಅಂದರು. ಜುಂಜಣ್ಣನ ಫೋನು ಸ್ವಿಚ್ಡ್ ಆಫ್. ಅಜ್ಜಿಗೆ ಏನೂ ಆಶ್ಚರ್ಯವಿಲ್ಲ. "ಅದು ಯಾವತ್ತೂ ಅಂಗೇಯ. ಹೊಲದಾಗೆ ಕರೆಂಟ್ ಎಲ್ಲಿ ಬತ್ತದೆ ಚಾರ್ಜ್ ಹಾಕಕ್ಕೆ? ಪಾವಗಡ ಕಡೀಕೆ ಓಗವ್ನೆ, ಕೇಳಿ."

ಯಾರನ್ನು ಕೇಳುವುದು? ಪಾವಗಡದಲ್ಲಿ ನಮ್ಮ ಕಡ್ಲೇಕಾಯಿ ಕೊಳ್ಳುವ ಮಂಡಿಯವರೊಬ್ಬರು ಗೊತ್ತು. ಅವರಿಗೆ ಫೋನ್ ಮಾಡಿದೆ. ಅವರು ರಾಯಚರ್ಲಿನ ಒಂದು ಟೀ ಅಂಗಡಿಯ ನಂಬರ್ ಕೊಟ್ಟರು. ಅಂಗಡಿಯವನು ಅರ್ಧ ತೆಲುಗಿನಲ್ಲಿ, "ಮಂದ ಇಕ್ಕಡೇ ಉಂದಿ ಮೇಡಂ, ಇಲ್ಲೇ. ಸೋಲಾರ್ ಬೇಲಿ ಪಕ್ಕದಾಗೆ ಮೇಯ್ತಾ ಐತೆ. ಉಂಡಂಡಿ, ಒಸಿ ಇರಿ, ಕರೀತೀನಿ" ಅಂದ. ನನ್ನ ಕೈಯಲ್ಲಿದ್ದ ಕಾಫಿ ಆರುವ ಮುಂಚೆ ಜುಂಜಣ್ಣ ಲೈನಿನಲ್ಲಿದ್ದ.

ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳಿದೆ ಅಂದರೆ, ಮುಂದಿನದು ಕೇಳಿದಾಗ ನಿಮಗೂ ನನ್ನಷ್ಟೇ ಸಿಟ್ಟು ಬರಬೇಕು.

ಭೂಮಿಕಾಳ ಶಾಲೆಯ ಹೆಡ್‌ಮಾಸ್ಟರ ಹತ್ತಿರ, ಹೋದ ವರ್ಷ ಸಂಶೋಧನೆಗೆ ಅಂತ ಬಂದು ರಕ್ತ ತಗೊಂಡವರ ನಂಬರ್ ಇತ್ತು. ಬೆಂಗಳೂರಿನ ಒಂದು ಸಂಸ್ಥೆ, ಹೆಸರು ಬೇಡ (ನಮ್ಮ ಸಂಪಾದಕರಿಗೆ ವಕೀಲರ ನೋಟಿಸು ಅಂದರೆ ಜ್ವರ ಬರುತ್ತದೆ). ತಂಡದ ಡಾಕ್ಟರೇ ಫೋನ್ ಎತ್ತಿದರು. ಸಭ್ಯ ದನಿ. ನಾನು ಎಲ್ಲ ಹೇಳಿದೆ.

"ಓಹ್, ಸೋ ಸಾರಿ ಮೇಡಂ. ಆದ್ರೆ ಅದು ಸ್ಕ್ರೀನಿಂಗ್ ಸ್ಟಡಿ. ಎಷ್ಟು ಮಕ್ಕಳಿಗೆ ಈ ಕಂಡೀಷನ್ ಇದೆ ಅಂತ ನೋಡೋದು ನಮ್ಮ ಅಬ್ಜೆಕ್ಟಿವ್. ಟ್ರೀಟ್‌ಮೆಂಟ್ ನಮ್ಮ ಸ್ಕೋಪಲ್ಲಿ ಇರ್ಲಿಲ್ಲ."

"ಟ್ರೀಟ್‌ಮೆಂಟ್ ಬಿಡಿ. ಕಾಯಿಲೆ ಇದೆ ಅಂತ ಹೇಳೋದು ಸ್ಕೋಪಲ್ಲಿ ಇತ್ತೋ ಇಲ್ವೋ?"

"ಇತ್ತು ಇತ್ತು. ಪಾಸಿಟಿವ್ ಬಂದ ಪೇರೆಂಟ್ಸ್‌ಗೆಲ್ಲ ಕಾಲ್ ಮಾಡಿದೀವಿ. ಹೆಸರು ಹೇಳಿ, ಚೆಕ್ ಮಾಡ್ತೀನಿ."

ಹೇಳಿದೆ. ಕೀಬೋರ್ಡ್ ಸದ್ದು.

"ಹಾಂ, ಇದೆ. ವಾಲ್ವ್ ಚೇಂಜಸ್ ಇತ್ತು, ಅರ್ಲಿ ಸ್ಟೇಜ್. ತಂದೆ ಫೋನ್ ನಾಟ್ ರೀಚಬಲ್. ಇನ್ನೊಂದ್ಸಲ ಮಾಡಿದಾರೆ, ಸ್ವಿಚ್ಡ್ ಆಫ್. ಲಾಸ್ಟ್ ಟು ಫಾಲೋ ಅಪ್ ಅಂತ ಮಾರ್ಕ್ ಆಗಿದೆ."

ಲಾಸ್ಟ್ ಟು ಫಾಲೋ ಅಪ್. ಕನ್ನಡದಲ್ಲಿ ಹೇಳಿಕೊಳ್ಳಿ ಇದನ್ನ. ಹಿಂಬಾಲಿಸಲು ಹೋದಾಗ ಕೈಗೆ ಸಿಗದೆ ಕಳೆದುಹೋದವಳು!

ಎಲ್ಲಿಗೆ ಕಳೆದುಹೋಗಿದ್ದಳು ಸ್ವಾಮಿ ಭೂಮಿಕಾ? ನೀವು ಯಾವ ಶಾಲೆಗೆ ವ್ಯಾನು ತಂದಿರೋ ಅದೇ ಶಾಲೆಯಲ್ಲಿ ಇದ್ದಳು. ನೀವು ಮಲಗಿಸಿದ ಬೆಂಚನ್ನು ಎತ್ತಿ ಪಕ್ಕಕ್ಕಿಟ್ಟ ಮೇಲೆ ಅದೇ ಬೆಂಚಿನ ಮೇಲೆ ಕೂತು ಮಗ್ಗಿ ಹೇಳುತ್ತಿದ್ದಳು. ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ದಿನಾ ಹಾಜರಿ ಕೂಗಿದಾಗ "ಎಸ್ ಮಿಸ್" ಅನ್ನುತ್ತಿದ್ದಳು. ಕಳೆದುಹೋಗಿದ್ದದ್ದು ಅವಳಪ್ಪನ ಫೋನಿನ ಚಾರ್ಜು ಮಾತ್ರ.

"ಶಾಲೆಗೆ ಒಂದು ಫೋನ್ ಮಾಡಬಹುದಿತ್ತಲ್ಲ ಡಾಕ್ಟರೇ?"

"ಪ್ರೈವೆಸಿ ಇಶ್ಯೂ ಮೇಡಂ. ಮಗುವಿನ ಹೆಲ್ತ್ ಇನ್ಫರ್ಮೇಶನ್ ಪೇರೆಂಟ್ಸ್‌ಗೆ ಬಿಟ್ಟು ಬೇರೆಯವರಿಗೆ ಕೊಡೋ ಹಾಗಿಲ್ಲ."

ಆಹಾ. ಇಡೀ ಶಾಲೆಯ ಮಕ್ಕಳನ್ನು ಒಂದೇ ಕೊಠಡಿಯಲ್ಲಿ, ಒಂದು ಹಳೇ ಬೆಡ್‌ಶೀಟು ಅಡ್ಡ ಕಟ್ಟಿ ಎದೆ ಬಿಚ್ಚಿ ಮಲಗಿಸುವಾಗ ಪ್ರೈವೆಸಿ ಎಲ್ಲಿಗೆ ಹೋಗಿತ್ತು? "ಈ ಹುಡುಗಿಯ ಮನೆಯವರನ್ನು ಒಂದು ಸಲ ನಮಗೆ ಫೋನ್ ಮಾಡಿಸಿ" ಅಂತ ಹೆಡ್‌ಮಾಸ್ಟರಿಗೆ ಹೇಳಿದ್ದರೆ ಸಾಕಿತ್ತು. ಅದರಲ್ಲಿ ಯಾವ ಗುಟ್ಟು ರಟ್ಟಾಗುತ್ತಿತ್ತು?

ನಾನು ಇದನ್ನೇ ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ ಅನ್ನಿ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

ಡಾಕ್ಟರ ದನಿ ಇಳಿಯಿತು. "ಮೇಡಂ, ಫೀಲ್ಡ್ ಸ್ಟಾಫ್ ಕಾಂಟ್ರಾಕ್ಟ್ ಮುಗಿದುಹೋಗಿತ್ತು. ಪ್ರಾಜೆಕ್ಟ್ ಕ್ಲೋಸ್ ಆಗಿತ್ತು. ನೀವು ಅರ್ಥ ಮಾಡ್ಕೋಬೇಕು."

ಅರ್ಥ ಮಾಡಿಕೊಂಡೆ. ಪ್ರಾಜೆಕ್ಟು ಮುಗಿಯುತ್ತದೆ. ಕಾಯಿಲೆಗೆ ಮಾತ್ರ ಕಾಂಟ್ರಾಕ್ಟು ಇಲ್ಲ, ಅದು ಪರ್ಮನೆಂಟು.

ನಾನು ಸಂಶೋಧನೆಯ ವಿರೋಧಿ ಅಂತ ಯಾರೂ ಪತ್ರ ಬರೆಯಬೇಡಿ. ವಿಜ್ಞಾನದ ಮೇಷ್ಟ್ರಮ್ಮ ನಾನು. ಯಾರೋ ಎಲ್ಲೋ ಕೂತು ಮಕ್ಕಳ ಗಂಟಲನ್ನೂ ಹೃದಯವನ್ನೂ ಜೋಡಿಸಿ ನೋಡಿದ್ದರಿಂದಲೇ ಇವತ್ತು ಆ ಇಂಜೆಕ್ಷನ್ ಇದೆ. ಇಲ್ಲದಿದ್ದರೆ "ಹುಡುಗಿಗೆ ಗಾಳಿ ಸೋಕಿದೆ" ಅಂತ ಬೇವಿನ ಸೊಪ್ಪು ಹಿಡಿದು ಹೊಡೆಯುತ್ತಾ ಕೂತಿರುತ್ತಿದ್ದೆವು. ನಮ್ಮ ಕಡೆಯ ಮಕ್ಕಳಲ್ಲಿ ಎಷ್ಟು ಜನಕ್ಕೆ ಈ ಕಾಯಿಲೆ ಇದೆ ಅಂತ ಯಾರಾದರೂ ಎಣಿಸಲೇಬೇಕು. ಎಣಿಸದಿದ್ದರೆ ಸರ್ಕಾರ ಕಣ್ಣು ಬಿಡುವುದಿಲ್ಲ. ಎಲ್ಲ ಒಪ್ಪಿದೆ.

ಆದರೆ ಎಣಿಸುವುದಕ್ಕೆ ಅವಳು ಬೇಕು, ಹೇಳುವುದಕ್ಕೆ ಬೇಡವಾ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಟರ್ನೆಟ್ಟಿನಲ್ಲಿ ಹುಡುಕಿ ಅವರ ಲೇಖನ ಕಳಿಸಿದ. ಪ್ರಕಟವಾಗಿದೆ. ಚೆನ್ನಾಗಿಯೇ ಇದೆ. ಟೇಬಲ್ಲುಗಳು, ಗ್ರಾಫುಗಳು. ಕೊನೆಯಲ್ಲಿ ಭಾಗವಹಿಸಿದ ಮಕ್ಕಳಿಗೂ ಪೋಷಕರಿಗೂ ಧನ್ಯವಾದ, ಇಂಗ್ಲಿಷಿನಲ್ಲಿ. ಶಿರಾ ತಾಲ್ಲೂಕಿನ ಮಕ್ಕಳ ಹೃದಯದಲ್ಲಿ ತೊಂದರೆ ಇದೆ ಅನ್ನುವ ಸುದ್ದಿಯನ್ನು ಲೋಕಕ್ಕೆಲ್ಲ ಹೇಳಿದ್ದಾರೆ, ಈ ಮಗುವಿನ ಮನೆಯೊಂದನ್ನು ಬಿಟ್ಟು. ಯಾವುದೋ ದೇಶದ ಪ್ರೊಫೆಸರಿಗೆ ಭೂಮಿಕಾಳ ಕವಾಟದ ಸ್ಥಿತಿ ಗೊತ್ತಿತ್ತು. ಅವಳ ಜಡೆ ಹೆಣೆಯುವ ಅಜ್ಜಿಗೆ ಗೊತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದೆ. ಒಬ್ಬರು (ಹೆಸರು ಹೇಳಲ್ಲ, ಓದುತ್ತಾರೆ, ಓದಲಿ) ಟಿಫನ್ ಬಾಕ್ಸ್ ಮುಚ್ಚುತ್ತಾ ಅಂದರು, "ಏನೇ ಹೇಳಿ, ಈ ಜನಕ್ಕೆ ಅವೇರ್‌ನೆಸ್ ಇಲ್ಲ ಬಿಡಿ."

ಅವೇರ್‌ನೆಸ್ಸಾ? ಡಾಕ್ಟರು ಬಂದರೆ ಮೊಮ್ಮಗಳನ್ನು ತಲೆಗೆ ಎಣ್ಣೆ ಹಚ್ಚಿ, ಹೊಸ ಲಂಗ ತೊಡಿಸಿ ಕಳಿಸಿದ್ದಾಳೆ ಆ ಅಜ್ಜಿ. ಸೂಜಿ ಚುಚ್ಚಬೇಡಿ ಅಂದಿಲ್ಲ. ಗಿಡಮೂಲಿಕೆ ಕೊಟ್ಟಿಲ್ಲ, ತಾಯಿತ ಕಟ್ಟಿಸಿಲ್ಲ. ಡಾಕ್ಟರ ಮಾತೇ ಕಡೆಯ ಮಾತು ಅಂತ ಮಗನನ್ನೇ ಗದರಿ ಕಾದಿದ್ದಾಳೆ. ಹಳ್ಳಿಯವರು ಡಾಕ್ಟರನ್ನು ನಂಬಬೇಕು ನಂಬಬೇಕು ಅಂತ ವರ್ಷಗಟ್ಟಲೆ ಭಾಷಣ ಬಿಗಿದೆವಲ್ಲ ನಾವು? ನಂಬಿದಳು. ಏನಾಯಿತು? ನಂಬದೇ ಇದ್ದವರು ಯಾವುದಾದರೂ ಆಸ್ಪತ್ರೆಗಾದರೂ ಓಡಿರುತ್ತಿದ್ದರು.

ಎರಡು ದಿನ ನಾನು ಆ ಸಹೋದ್ಯೋಗಿಯ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅವರೇ ಬಂದು, "ನಮ್ಮ ಕ್ಲಾಸಲ್ಲೂ ಒಬ್ಬ ಹುಡುಗ ಯಾವಾಗಲೂ ಮಂಡಿ ನೋವು ಅಂತಾನೆ, ತೋರಿಸೋದಾ?" ಅಂದರು. ತೋರಿಸಿ ತಾಯಿ, ಇವತ್ತೇ ತೋರಿಸಿ.

ಜುಂಜಣ್ಣ ಮಂದೆಯನ್ನು ಅಣ್ಣನ ಮಗನಿಗೆ ಒಪ್ಪಿಸಿ ಬೆಂಗಳೂರಿಗೆ ಬಂದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಅವನು ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ.

"ಕುರಿ ಡಾಕ್ಟ್ರು ನನ್ನ ಎಲ್ಲಿದ್ರೂ ಹುಡುಕ್ಕಂಡು ಬತ್ತಾರಲ್ಲ ಮೇಡಂ. ಇವ್ರೂ ಅಂಗೇ ಬತ್ತಾರೆ ಅನ್ಕಂಡ್ವಿ."

ಅಷ್ಟೇ ಅಂದ. ಅಜ್ಜಿ ಪಕ್ಕದಲ್ಲಿದ್ದಳು. "ನಾನೇ ಕಣ್ಲಾ ಬ್ಯಾಡ ಅಂದಿದ್ದು, ನನ್ನಿಂದ್ಲೇ ಆಗಿದ್ದು" ಅಂತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಜುಂಜಣ್ಣ, "ಬುಡವ್ವ, ನಿಂದೇನೈತೆ ತಪ್ಪು" ಅಂದ. ಆದರೆ ಅವಳ ಕಡೆ ನೋಡದೇ ಅಂದ. ನನಗೆ ಅದು ಕಂಡಿತು. ಅಜ್ಜಿಗೂ ಕಂಡಿರಬೇಕು.

ಇದು ಯಾವ ಲೇಖನದ ಯಾವ ಟೇಬಲ್ಲಿನಲ್ಲಿ ಬರುತ್ತದೆ? ತಾಯಿ ಮಗನ ನಡುವೆ ಹೀಗೆ ಒಂದು ಮುಳ್ಳು ಸಿಕ್ಕಿಕೊಂಡಿದ್ದಕ್ಕೆ ಯಾವ ಗ್ರಾಫು? ಯಾರದೋ ಒಂದು ಸೋಮಾರಿತನವನ್ನು ಈ ಮುದುಕಿ ತನ್ನ ಪಾಪ ಅಂತ ಸಾಯುವ ತನಕ ಹೊರಬೇಕಾ?

ಈಗ ಇಂಜೆಕ್ಷನ್ನಿನ ಕಥೆ. ಅಗ್ಗದ್ದು ಅಂದೆನಲ್ಲ, ಅದೇ ಅದರ ರೋಗ. ಲಾಭವಿಲ್ಲದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಧುಗಿರಿಯಲ್ಲಿ ಮೂರು ಮೆಡಿಕಲ್ ಸ್ಟೋರು ಸುತ್ತಿದೆ. "ಅದೆಲ್ಲ ಹಳೇ ಕಾಲದ್ದು ಮೇಡಂ, ಈಗ ಯಾರೂ ಬರೆಯಲ್ಲ" ಅಂದ ಒಬ್ಬ. ಇನ್ನೊಬ್ಬ ಮುಖಕ್ಕೆ ಹಚ್ಚುವ ಯಾವುದೋ ಹೊಸ ಕ್ರೀಮು ತೋರಿಸಿದ (ನನ್ನ ಸಿಟ್ಟಿನ ಮುಖ ನೋಡಿ ಇರಬೇಕು). ಕೊನೆಗೆ ಕೊರಟಗೆರೆಯಲ್ಲಿ ನನ್ನ ತಂಗಿಯ ಗಂಡನ ಪರಿಚಯದ ಅಂಗಡಿಯಲ್ಲಿ ಸಿಕ್ಕಿತು. ಈಗ ಪ್ರತಿ ಸಲ ಕೊರಟಗೆರೆಯಿಂದ ಬಸ್ಸಿನ ಕಂಡಕ್ಟರ ಕೈಯಲ್ಲಿ ಮಧುಗಿರಿಗೆ, ಮಧುಗಿರಿಯಿಂದ ನನ್ನ ಬ್ಯಾಗಿನಲ್ಲಿ ಶಿರಾಕ್ಕೆ. ಹೃದಯದ ಬಾಗಿಲು ಉಳಿಸುವ ಔಷಧಿ ನಮ್ಮ ಕಡೆ ಓಡಾಡುವುದು ಹೀಗೆ.

ಹೋದ ವಾರದ ಸರದಿಗೂ ಹೋಗಿದ್ದೆ. ಆ ಇಂಜೆಕ್ಷನ್ ಬಲು ನೋವಿನದ್ದು, ಗಟ್ಟಿ ಔಷಧಿ, ನಿಧಾನವಾಗಿ ಇಳಿಯುತ್ತದೆ. ನರ್ಸು ಒಳ್ಳೆಯ ಹೆಂಗಸು, "ಉಸ್ರು ಬಿಡು ಕಂದ, ಉಸ್ರು ಬಿಡು" ಅನ್ನುತ್ತಲೇ ಕೊಟ್ಟರು. ಭೂಮಿಕಾ ಕಣ್ಣು ಮುಚ್ಚಿ ನನ್ನ ಬೆರಳು ಹಿಸುಕಿದಳು, ಅಳಲಿಲ್ಲ. ಕುಂಟುತ್ತಾ ಹೊರಗೆ ಬಂದು ಬೆಂಚಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತಳು. ಅಜ್ಜಿ ಎಳನೀರು ತರಲು ಹೋದಳು.

ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ಮಿಸ್, ಅವತ್ತು ಇಸ್ಕೂಲಾಗೆ ಇಬ್ರು ಡಾಕ್ಟ್ರು ನೋಡಿದ್ರಲ್ಲ ನನ್ನ. ಅವತ್ತೇ ಅವ್ರಿಗೆ ಗೊತ್ತಾಗಿತ್ತಾ?"

ಸುಳ್ಳು ಹೇಳಬಹುದಿತ್ತು. ಬರಲಿಲ್ಲ.

"ಗೊತ್ತಾಗಿತ್ತು ಪುಟ್ಟ."

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿಲ್ಲ, ಅಳುವಿಲ್ಲ. ಕ್ಲಾಸಿನಲ್ಲಿ ಪಾಠ ಅರ್ಥವಾಗದಾಗ ಮಕ್ಕಳು ಮಾಡುವ ಮುಖ.

"ಮತ್ಯಾಕೆ ಮಿಸ್ ನಂಗೆ ಹೇಳ್ಲಿಲ್ಲ?"

ಸಂಶೋಧನೆಯ ಡಾಕ್ಟರೇ, ಈ ಪ್ರಶ್ನೆ ನಿಮಗೆ ಸೇರಿದ್ದು. ಅವಳಿಗೆ ನಿಮ್ಮ ನಂಬರ್ ಕೊಡಲಾ?